ಹೊಡೆಯಲು ಕಲಿತ ಮಗು ಯೋಚಿಸಲು ಕಲಿಯುವುದು ಹೇಗೆ?

‘ಪ್ರಾಕ್ಟೀಸಲ್ಲಿ ಹುಲಿ, ಮ್ಯಾಚಲ್ಲಿ ಇಲಿ.’ ಟೆನಿಸ್ ಕೋರ್ಟಿನ ಬೇಲಿಯ ಹೊರಗೆ ನಿಂತ ಹೆತ್ತವರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಮಗುವಿಗೆ ಹನ್ನೊಂದೋ ಹನ್ನೆರಡೋ ವರ್ಷ. ಮೂರು ವರ್ಷದಿಂದ ಕೋಚಿಂಗಿಗೆ ಹೋಗುತ್ತಿದೆ. ಫೋರ್‌ಹ್ಯಾಂಡ್ ನೋಡಿದರೆ ಟಿವಿಯಲ್ಲಿ ಆಡುವವರ ಹಾಗೆಯೇ ಇದೆ. ಆದರೆ ಟೂರ್ನಮೆಂಟಿಗೆ ಹೋದರೆ, ಹೊಡೆತ ಅಷ್ಟೇನೂ ಚಂದ ಇಲ್ಲದ ಇನ್ನೊಂದು ಮಗುವಿನ ಎದುರು ಸೋತು ಬರುತ್ತದೆ. ವಾಪಸ್ ಬರುವ ದಾರಿಯಲ್ಲಿ ಉಪ್ಪ ಬಿಗುಮಾನದಲ್ಲಿ, ಮಗು ಕಿಟಕಿಯ ಹೊರಗೆ ನೋಡುತ್ತಾ. ಹೀಗೆ ನಾಲ್ಕು ಸಲ ಆದರೆ ಮಗು ರಾಕೆಟನ್ನು ಮೂಲೆಗಿಡುತ್ತದೆ.

ಕ್ರಿಕೆಟ್, ಫುಟ್ಬಾಲ್, ವಾಲಿಬಾಲ್ ನಮ್ಮ ಮನೆಗಳಿಗೆ ಹೊಸತಲ್ಲ. ಟೆನಿಸ್ ಮಾತ್ರ ಸ್ವಲ್ಪ ದೂರದ ಆಟವೇ ಆಗಿತ್ತು. ಈಗ ಹಾಗಿಲ್ಲ. ಗಲ್ಫಿನಲ್ಲಿರುವ ಮಕ್ಕಳು ಅಲ್ಲಿಯೇ ರಾಕೆಟ್ ಹಿಡಿಯುತ್ತಾರೆ, ಊರಲ್ಲೂ ರಜೆಯ ಶಿಬಿರ ಅಂತ ಕಳುಹಿಸುವವರಿದ್ದಾರೆ. ಫೀಸು, ಶೂ, ರಾಕೆಟ್ ಅಂತ ಖರ್ಚೂ ಸಣ್ಣದಲ್ಲ. ಆದುದರಿಂದ ಮಗು ಅಲ್ಲಿ ನಿಜವಾಗಿ ಏನು ಕಲಿಯುತ್ತಿದೆ ಎಂಬುದನ್ನು ನಾವು ತಿಳಿದುಕೊಳ್ಳುವುದು ಒಳ್ಳೆಯದು.

ಮೇಲೆ ಹೇಳಿದ ಮಗುವಿನ ಕೊರತೆ ಕೈಯಲ್ಲಿಲ್ಲ. ಯಾವ ಚೆಂಡನ್ನು ಎಲ್ಲಿಗೆ, ಯಾವಾಗ, ಎಷ್ಟು ಜೋರಾಗಿ ಕಳುಹಿಸಬೇಕು ಎಂದು ತೀರ್ಮಾನಿಸುವಲ್ಲಿದೆ. ಇದು ಹುಟ್ಟಿನಿಂದ ಬರುವ ಗುಣ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಹೊಡೆತವನ್ನು ಕಲಿಸುವ ಹಾಗೆ ಇದನ್ನೂ ಕಲಿಸಬಹುದು. ಆದರೆ ಕಲಿಸುವ ಕ್ರಮ ಬೇರೆ.

ಬುಟ್ಟಿಯ ಚೆಂಡು, ಮ್ಯಾಚಿನ ಚೆಂಡು

ಸಾಮಾನ್ಯ ತರಬೇತಿ ಹೇಗಿರುತ್ತದೆ ನೋಡಿ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಕೋಚ್ ಬುಟ್ಟಿಯಿಂದ ಒಂದೊಂದೇ ಚೆಂಡು ತೆಗೆದು ಹಾಕುತ್ತಾರೆ. ಚೆಂಡು ಒಂದೇ ಜಾಗಕ್ಕೆ, ಒಂದೇ ಎತ್ತರಕ್ಕೆ ಬರುತ್ತದೆ. ಎಲ್ಲಿಗೆ ಹೊಡೆಯಬೇಕು ಅಂತಲೂ ಮೊದಲೇ ಹೇಳಿ ಆಗಿರುತ್ತದೆ. ಇದರಿಂದ ಕೈ ಪಳಗುತ್ತದೆ, ಅದು ಬೇಕೇ ಬೇಕು. ಆದರೆ ತಲೆಗೆ ಏನೂ ಕೆಲಸ ಇಲ್ಲ. ಮ್ಯಾಚಿನಲ್ಲಿ ಹಾಗಲ್ಲ. ಚೆಂಡು ಎಲ್ಲಿ ಬೀಳುತ್ತದೆ ಅಂತ ನೋಡಬೇಕು, ಎದುರಾಳಿ ಎಲ್ಲಿದ್ದಾನೆ ಅಂತ ನೋಡಬೇಕು, ತನ್ನ ಕಾಲು ಸರಿಯಾಗಿ ನಿಂತಿದೆಯಾ ಅಂತ ತಿಳಿಯಬೇಕು. ಒಂದೆರಡು ಸೆಕೆಂಡಿನ ಒಳಗೆ ಇಷ್ಟೂ ಆಗಬೇಕು.

ಪಾಠ ಹೇಳುವವರಿಗೆ ಇದು ಗೊತ್ತಿರುವ ವಿಷಯ. ಉತ್ತರವನ್ನು ಬಾಯಿಪಾಠ ಮಾಡಿಸಿದ ಮಗುವಿಗೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿ, ಅಲ್ಲಿಗೇ ನಿಂತುಬಿಡುತ್ತದೆ. ಬುಟ್ಟಿಯ ಚೆಂಡಿನಲ್ಲೇ ಬೆಳೆದ ಮಗುವಿಗೆ ಮ್ಯಾಚಿನಲ್ಲಿ ಆಗುವುದೂ ಅದೇ.

ಟೆನಿಸಿನಲ್ಲಿ ಇನ್ನೊಂದು ಕಷ್ಟ ಇದೆ. ಕ್ರಿಕೆಟಿನಲ್ಲಿ ಕ್ಯಾಪ್ಟನ್ ಇದ್ದಾನೆ, ಫುಟ್ಬಾಲಿನಲ್ಲಿ ಜೊತೆಗೆ ಹತ್ತು ಮಂದಿ ಇದ್ದಾರೆ. ಸಿಂಗಲ್ಸ್ ಆಡುವ ಮಗು ಒಬ್ಬಂಟಿ. ಆಟದ ನಡುವೆ ಕೋಚ್ ಸಲಹೆ ಕೊಡುವುದಕ್ಕೆ ಬಹಳ ಕಾಲ ನಿಷೇಧವೇ ಇತ್ತು. 2025ರ ಜನವರಿಯಿಂದ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ನಿಯಮ ಸಡಿಲಿಸಿದೆ. ಟೂರ್ನಮೆಂಟ್ ನಡೆಸುವವರು ಒಪ್ಪಿದರೆ ಹೊರಗಿನಿಂದ ಚುಟುಕಾಗಿ ಹೇಳಬಹುದು. ಆದರೂ ಚೆಂಡು ಗಾಳಿಯಲ್ಲಿರುವಾಗ ಯಾರೂ ಹೇಳಿಕೊಡುವ ಹಾಗಿಲ್ಲ. ತೀರ್ಮಾನ ಮಗುವಿನದ್ದೇ.

ಆರ್ಥರ್ ಆಶ್ ಮಾಡಿದ ಕೆಲಸ

ಯೋಚನೆಯಿಂದ ಮ್ಯಾಚ್ ಗೆಲ್ಲುವುದು ಅಂದರೆ ಏನು? ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ 1975ರ ಜುಲೈ 5ರ ವಿಂಬಲ್ಡನ್ ಫೈನಲ್. ಒಂದು ಕಡೆ ಅಮೆರಿಕದ ಜಿಮ್ಮಿ ಕಾನರ್ಸ್, 22 ವರ್ಷ, ಹಿಂದಿನ ವರ್ಷದ ಚಾಂಪಿಯನ್. ಇನ್ನೊಂದು ಕಡೆ ಅದೇ ದೇಶದ ಆರ್ಥರ್ ಆಶ್, 32 ತುಂಬಲು ಕೆಲವೇ ದಿನ ಬಾಕಿ. ಕಾನರ್ಸ್ ಸುಲಭವಾಗಿ ಗೆಲ್ಲುತ್ತಾನೆ ಅಂತಲೇ ಹೆಚ್ಚಿನವರ ಲೆಕ್ಕ.

ಆಶ್ ಸ್ವಭಾವತಃ ಜೋರಾಗಿ ಹೊಡೆಯುವ ಆಟಗಾರ. ಆದರೆ ಕಾನರ್ಸ್‌ಗೆ ಬೇಕಾದದ್ದೇ ಜೋರಾದ ಚೆಂಡು. ಎದುರಾಳಿಯ ವೇಗವನ್ನೇ ತೆಗೆದುಕೊಂಡು ತಿರುಗಿಸಿ ಹೊಡೆಯುವುದು ಅವನ ಬಲ. ಹಾಗಾಗಿ ಆಶ್ ಆ ದಿನ ತನ್ನ ಅಭ್ಯಾಸದ ಆಟವನ್ನೇ ಬದಿಗಿಟ್ಟರು. ನಿಧಾನದ, ತಗ್ಗಿದ ಚೆಂಡುಗಳನ್ನು ಕಾನರ್ಸ್‌ನ ಫೋರ್‌ಹ್ಯಾಂಡ್‌ಗೆ ಕಳುಹಿಸಿದರು. ಎಡಗೈ ಆಟಗಾರನಾದ ಅವನನ್ನು ಕೋರ್ಟಿನ ಹೊರಗೆ ಎಳೆಯುವ ಹಾಗೆ ಅಗಲಕ್ಕೆ ಸರ್ವ್ ಮಾಡಿದರು. ಮುಂದೆ ಬಂದರೆ ತಲೆಯ ಮೇಲಿಂದ ಲಾಬ್ ಎತ್ತಿದರು. ಮೊದಲ ಎರಡು ಸೆಟ್ 6-1, 6-1. ಮೂರನೆಯದು 5-7 ಕೈತಪ್ಪಿತು. ಇಲ್ಲಿ ಹೆದರಿ ಹಳೆಯ ಜೋರಿನ ಆಟಕ್ಕೆ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಆಶ್ ಹೋಗಲಿಲ್ಲ. ನಾಲ್ಕನೇ ಸೆಟ್ 6-4. ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ವರ್ಣೀಯ ಆಟಗಾರ ಅವರು. ಬದಿ ಬದಲಿಸುವ ಬಿಡುವಿನಲ್ಲಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತ ಅವರ ಚಿತ್ರ ಇವತ್ತಿಗೂ ಪ್ರಸಿದ್ಧ.

ಮಕ್ಕಳಿಗೆ ಈ ಕಥೆ ಹೇಳುವಾಗ ಎರಡು ವಿಷಯ ಹೇಳಬೇಕು. ತನಗೆ ಇಷ್ಟವಾದ ಹೊಡೆತಕ್ಕಿಂತ ಎದುರಾಳಿಗೆ ಕಷ್ಟವಾಗುವ ಹೊಡೆತ ದೊಡ್ಡದು. ಮತ್ತೆ, ಒಂದು ಸೆಟ್ ಹೋಯಿತು ಅಂತ ಸರಿಯಾದ ಯೋಜನೆಯನ್ನು ಬಿಸಾಡಬಾರದು.

ಕೋರ್ಟಿನ ಲೆಕ್ಕ

ತೀರ್ಮಾನ ಅಂದರೆ ಊಹೆ ಅಲ್ಲ. ಅದರ ಹಿಂದೆ ಲೆಕ್ಕ ಇದೆ. ಸಿಂಗಲ್ಸ್ ಕೋರ್ಟಿನ ಉದ್ದ 23.77 ಮೀಟರ್, ಅಗಲ 8.23 ಮೀಟರ್. ಒಂದು ಮೂಲೆಯಿಂದ ಎದುರಿನ ಓರೆ ಮೂಲೆಗೆ ಅಳೆದರೆ ಸುಮಾರು 25.15 ಮೀಟರ್. ಅಂದರೆ ಓರೆಯಾಗಿ, ಕ್ರಾಸ್‌ಕೋರ್ಟ್ ಹೊಡೆದರೆ ಚೆಂಡು ಬೀಳಲು ಸುಮಾರು 1.4 ಮೀಟರ್ ಹೆಚ್ಚು ಜಾಗ. ನೆಟ್‌ನ ಎತ್ತರ ಕಂಬದ ಹತ್ತಿರ 1.07 ಮೀಟರ್, ಮಧ್ಯದಲ್ಲಿ 0.914 ಮೀಟರ್. ಓರೆ ಚೆಂಡು ತಗ್ಗಿರುವ ಮಧ್ಯಭಾಗದ ಮೇಲಿಂದ ಹೋಗುತ್ತದೆ, ಗೆರೆಗುಂಟ ನೇರ ಹೊಡೆದ ಚೆಂಡು ಎತ್ತರದ ಬದಿಯ ಮೇಲಿಂದ. ಇನ್ನೂ ಒಂದಿದೆ. ಮೂಲೆಯಲ್ಲಿ ನಿಂತು ಓರೆಯಾಗಿ ಹೊಡೆದರೆ ಮುಂದಿನ ಚೆಂಡಿಗೆ ಕಾಯುವ ಜಾಗ ಹತ್ತಿರವೇ. ನೇರ ಹೊಡೆದರೆ ಮಧ್ಯವನ್ನೂ ದಾಟಿ ಆಚೆಗೆ ಓಡಬೇಕು.

‘ಕಷ್ಟದಲ್ಲಿದ್ದರೆ ಓರೆ ಹೊಡಿ’ ಅಂತ ಕೋಚ್ ಹೇಳುವುದು ಇದಕ್ಕೇ. ಆದರೆ ಮಗುವಿಗೆ ಬರೀ ಆಜ್ಞೆ ಕೊಟ್ಟರೆ ಸಾಲದು. ಅಳತೆಯ ಟೇಪ್ ಕೊಟ್ಟು ಅವರಿಂದಲೇ ಅಳೆಸಿ ನೋಡಿ. ಐದನೇ ಕ್ಲಾಸಿನ ಮಗುವಿಗೂ ಅರ್ಥ ಆಗುತ್ತದೆ, ಮರೆಯುವುದೂ ಇಲ್ಲ.

ನೇರ ಹೊಡೆಯುವುದು ಯಾವಾಗ? ಚೆಂಡು ಗಿಡ್ಡಕ್ಕೆ ಬಿದ್ದಾಗ, ತನ್ನ ಕಾಲು ಗಟ್ಟಿ ನಿಂತಾಗ, ಎದುರಾಳಿ ಒಂದು ಬದಿಗೆ ಸರಿದಾಗ. ಕೋಚ್‌ಗಳು ಇದನ್ನು ಟ್ರಾಫಿಕ್ ಸಿಗ್ನಲ್ಲಿಗೆ ಹೋಲಿಸುವುದುಂಟು. ಬೇಸ್‌ಲೈನ್ ಹತ್ತಿರ ಆಳಕ್ಕೆ ಬಿದ್ದ ಚೆಂಡು ಕೆಂಪು: ಎತ್ತರಕ್ಕೆ ಎತ್ತಿ ವಾಪಸ್ ಕಳುಹಿಸಿ ಉಳಿದುಕೋ. ಮಧ್ಯದ ಚೆಂಡು ಹಳದಿ: ಎದುರಾಳಿಯನ್ನು ಓಡಿಸು, ಅವಸರ ಬೇಡ. ಗಿಡ್ಡ ಚೆಂಡು ಹಸಿರು: ಮುಂದೆ ಹೋಗು, ದಾಳಿ ಮಾಡು. ತರಬೇತಿಯಲ್ಲಿ ಚೆಂಡು ಪುಟಿಯುವ ಮೊದಲೇ ಮಗು ‘ಕೆಂಪು’ ‘ಹಸಿರು’ ಅಂತ ಜೋರಾಗಿ ಹೇಳಬೇಕು. ನಾಲ್ಕು ದಿನ ಬಾಯಲ್ಲಿ ಹೇಳಿದರೆ ಐದನೇ ದಿನ ಕಣ್ಣೇ ಹೇಳುತ್ತದೆ.

ಕರಾವಳಿಯ ಮಕ್ಕಳಿಗೆ ಗಾಳಿಯ ಪಾಠವೂ ಬೇಕು. ಬಿಸಿಲು ಕಣ್ಣಿಗೆ ಹೊಡೆಯದ ಹಾಗೆ ಟೆನಿಸ್ ಕೋರ್ಟನ್ನು ಸಾಮಾನ್ಯವಾಗಿ ಉತ್ತರ-ದಕ್ಷಿಣವಾಗಿ ಹಾಕುತ್ತಾರೆ. ನಮ್ಮಲ್ಲಿ ಮಧ್ಯಾಹ್ನದ ನಂತರ ಕಡಲ ಗಾಳಿ ಪಡುವಣದಿಂದ ಬೀಸುತ್ತದೆ. ಅಂದರೆ ಗಾಳಿ ಕೋರ್ಟಿಗೆ ಅಡ್ಡ. ಪೂರ್ವದ ಬದಿಯ ಗೆರೆಗೆ ಗುರಿಯಿಟ್ಟರೆ ಚೆಂಡು ಹೊರಗೆ ಹೋಗುತ್ತದೆ, ಸ್ವಲ್ಪ ಒಳಗೇ ಗುರಿಯಿಡಬೇಕು. ಗಾಳಿ ಎದುರಿನಿಂದ ಬಂದರೆ ಡ್ರಾಪ್ ಶಾಟ್ ಚೆನ್ನಾಗಿ ನಿಲ್ಲುತ್ತದೆ, ಬೆನ್ನ ಹಿಂದಿನಿಂದ ಬಂದರೆ ಅದು ಮುಂದಕ್ಕೆ ತೇಲಿ ಎದುರಾಳಿಯ ಕೈಗೆ ಹೋಗುತ್ತದೆ. ಆಟ ಶುರುವಾಗುವ ಮೊದಲು ಮರದ ಎಲೆ ಯಾವ ಕಡೆಗೆ ಅಲ್ಲಾಡುತ್ತಿದೆ ಅಂತ ನೋಡುವ ಮಗು ಅರ್ಧ ಪಾಠ ಕಲಿತ ಹಾಗೆ.

ಸಣ್ಣ ಕೋರ್ಟು, ನಿಧಾನದ ಚೆಂಡು

ಎಂಟು ವರ್ಷದ ಮಗುವನ್ನು ದೊಡ್ಡ ಕೋರ್ಟಿನಲ್ಲಿ ನಿಲ್ಲಿಸಿ ಸಾಮಾನ್ಯ ಹಳದಿ ಚೆಂಡು ಕೊಟ್ಟರೆ ಚೆಂಡು ತಲೆಯ ಮೇಲೆ ಪುಟಿಯುತ್ತದೆ. ಮಗು ಹೇಗಾದರೂ ತಾಗಿಸಿದರೆ ಸಾಕು ಎಂಬ ಸ್ಥಿತಿ. ಅಲ್ಲಿ ಯೋಚನೆಗೆ ಎಡೆ ಎಲ್ಲಿ? ಇದನ್ನು ನೋಡಿಯೇ ಅಂತಾರಾಷ್ಟ್ರೀಯ ಫೆಡರೇಷನ್ 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ಬಿಟ್ಟು ನಿಧಾನದ ಚೆಂಡುಗಳನ್ನೇ ಬಳಸಬೇಕೆಂದು ನಿಯಮ ಮಾಡಿತು. ಕೆಂಪು ಚೆಂಡು ಶೇ. 75ರಷ್ಟು ನಿಧಾನ, ಕಿತ್ತಳೆ ಶೇ. 50, ಹಸಿರು ಚುಕ್ಕಿಯದ್ದು ಶೇ. 25. ಕೆಂಪು ಚೆಂಡಿನ ಕೋರ್ಟ್ ಸುಮಾರು 11ರಿಂದ 12.8 ಮೀಟರ್ ಉದ್ದ, ನೆಟ್ 80 ಸೆಂಟಿಮೀಟರ್ ಎತ್ತರ. ಇಲ್ಲಿ ಎಂಟು ವರ್ಷದ ಮಗುವೂ ಮುಂದೆ ಬಂದು ವಾಲಿ ಹೊಡೆಯಬಹುದು, ಲಾಬ್ ಎತ್ತಬಹುದು, ಖಾಲಿ ಜಾಗ ಹುಡುಕಬಹುದು.

ಇದರಲ್ಲಿ ನಮ್ಮೂರಿಗೆ ಒಂದು ಲಾಭ ಇದೆ. ಶಟಲ್ ಕೋರ್ಟ್ 13.40 ಮೀಟರ್ ಉದ್ದ, 6.10 ಮೀಟರ್ ಅಗಲ. ಕೆಂಪು ಚೆಂಡಿನ ಟೆನಿಸ್ ಇದರೊಳಗೆ ಆರಾಮವಾಗಿ ಹಿಡಿಯುತ್ತದೆ. ನಮ್ಮ ಕಡೆ ಶಟಲ್ ಕೋರ್ಟ್ ಇಲ್ಲದ ಊರು ಕಡಿಮೆ. ನೆಲ ಗಟ್ಟಿಯಿದ್ದು ಚೆಂಡು ಪುಟಿದರೆ ಸಾಕು. ನೆಟ್ ಬಿಚ್ಚಿ ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿದರೆ ಆಯಿತು. ಮೊದಲ ಎರಡು ವರ್ಷಕ್ಕೆ ದುಬಾರಿ ಅಕಾಡೆಮಿಯೇ ಆಗಬೇಕು ಅಂತ ಇಲ್ಲ.

ಆಟದ ನಿಯಮ ಬದಲಿಸಿ ಕಲಿಸುವುದು

ಟೆನಿಸಿನಲ್ಲಿ ಏನೇ ನಡೆದರೂ ಐದು ಸಂದರ್ಭಗಳ ಒಳಗೇ ನಡೆಯುತ್ತದೆ ಎಂದು ತರಬೇತಿಯಲ್ಲಿ ಹೇಳುತ್ತಾರೆ: ಸರ್ವ್ ಮಾಡುವಾಗ, ಸರ್ವ್ ಹಿಂದಿರುಗಿಸುವಾಗ, ಇಬ್ಬರೂ ಹಿಂದೆ ನಿಂತು ಆಡುವಾಗ, ನಾನು ಮುಂದೆ ಹೋದಾಗ, ಎದುರಾಳಿ ಮುಂದೆ ಬಂದಾಗ. ಒಳ್ಳೆಯ ಕೋಚ್ ಒಂದೊಂದು ದಿನ ಒಂದೊಂದು ಸಂದರ್ಭ ಹಿಡಿದು, ಆಟದ ನಿಯಮವನ್ನೇ ಸ್ವಲ್ಪ ತಿರುಗಿಸಿ ಮಗುವನ್ನು ಯೋಚನೆಗೆ ಹಚ್ಚುತ್ತಾರೆ.

ಮಗು ಮುಂದೆ ಬರಲು ಹೆದರುತ್ತದೆಯಾ? ನೆಟ್ ಹತ್ತಿರ ಗೆದ್ದ ಅಂಕಕ್ಕೆ ಎರಡು ಅಂಕ ಅಂತ ಮಾಡಿ. ‘ಮುಂದೆ ಹೋಗು’ ಅಂತ ಒಂದು ಸಲವೂ ಹೇಳಬೇಕಾಗಿಲ್ಲ, ಯಾವ ಚೆಂಡಿಗೆ ಹೋಗಬಹುದು ಅಂತ ಮಗು ತಾನೇ ಹುಡುಕುತ್ತದೆ. ಎರಡನೇ ಸರ್ವ್ ಹಾಳಾಗುತ್ತಿದೆಯಾ? ಇವತ್ತು ಒಂದೇ ಸರ್ವ್ ಅಂತ ಹೇಳಿ. ಚೆಂಡು ಗಿಡ್ಡಕ್ಕೆ ಬೀಳುತ್ತಿದೆಯಾ? ಸರ್ವಿಸ್ ಲೈನಿನ ಆಚೆ ಬಿದ್ದರೆ ಮಾತ್ರ ಆಟ ಮುಂದುವರಿಯುತ್ತದೆ ಅಂತ ಇಡಿ. ಒತ್ತಡ ಕಲಿಸಬೇಕಾ? ಪ್ರತಿ ಗೇಮನ್ನೂ 30-40ರಿಂದ ಶುರು ಮಾಡಿಸಿ. 40-0 ಇರುವಾಗ ಸಾಹಸ ಮಾಡಬಹುದು. 30-40ರಲ್ಲಿ ಮೊದಲ ಸರ್ವ್ ಒಳಗೆ ಬೀಳುವುದು ಮುಖ್ಯ, ವೇಗ ಕಡಿಮೆಯಾದರೂ ಪರವಾಗಿಲ್ಲ. ಇದು ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಆಡಿಯೇ ತಿಳಿಯಬೇಕು.

ಡಬಲ್ಸ್ ಕೂಡ ಒಳ್ಳೆಯ ಪಾಠಶಾಲೆ. ಅಲ್ಲಿ ಪ್ರತಿ ಅಂಕಕ್ಕೆ ಮೊದಲು ಇಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಡುವುದನ್ನು ಟಿವಿಯಲ್ಲಿ ನೋಡಿರಬಹುದು. ಸರ್ವ್ ಎಲ್ಲಿಗೆ, ನೆಟ್ ಹತ್ತಿರ ಇರುವವನು ಯಾವ ಕಡೆ ಸರಿಯುತ್ತಾನೆ ಅಂತ ನಿರ್ಧರಿಸುವುದು ಆಗಲೇ. ನಮ್ಮ ಪಕ್ಕದ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಆ ವಯಸ್ಸಿನಲ್ಲಿ ವಿಶ್ವದ ನಂಬರ್ ಒನ್ ಸ್ಥಾನಕ್ಕೂ ಏರಿದರು. ಇಪ್ಪತ್ತರ ಹುಡುಗರ ಜೊತೆ ಓಟದಲ್ಲಿ ಸ್ಪರ್ಧಿಸಿ ಆ ವಯಸ್ಸಿನಲ್ಲಿ ಗೆಲ್ಲಲಿಕ್ಕೆ ಆಗುತ್ತದಾ? ಎಲ್ಲಿ ನಿಲ್ಲಬೇಕು, ಯಾವಾಗ ಹೊಡೆಯಬೇಕು ಎಂಬ ತಿಳಿವಳಿಕೆಯೂ ಬೇಕು. ಮಕ್ಕಳೂ ಡಬಲ್ಸ್ ಆಡುವಾಗ ತಮ್ಮ ಯೋಜನೆಯನ್ನು ಬಾಯಿ ಬಿಟ್ಟು ಹೇಳಬೇಕಾಗುತ್ತದೆ. ಹೇಳಲು ಬರಬೇಕಾದರೆ ಮೊದಲು ಯೋಚಿಸಬೇಕಲ್ವಾ?

ಟಿವಿಯಲ್ಲಿ ಮ್ಯಾಚ್ ನೋಡುವುದನ್ನೂ ಪಾಠ ಮಾಡಬಹುದು. ಟ್ಯುನೀಷಿಯಾದ ಓನ್ಸ್ ಜಾಬೂರ್ 2022 ಮತ್ತು 2023ರಲ್ಲಿ ವಿಂಬಲ್ಡನ್ ಫೈನಲ್ ತಲುಪಿದವರು, ಡ್ರಾಪ್ ಶಾಟ್ ಮತ್ತು ಸ್ಲೈಸ್‌ಗೆ ಹೆಸರಾದವರು. ಅವರ ಆಟದ ವಿಡಿಯೋ ಹಾಕಿ, ಡ್ರಾಪ್ ಶಾಟ್‌ಗೆ ಸ್ವಲ್ಪ ಮೊದಲು ನಿಲ್ಲಿಸಿ ಮಗುವಿನ ಹತ್ತಿರ ಕೇಳಿ: ‘ಈಗ ಎದುರಾಳಿ ಎಲ್ಲಿದ್ದಾಳೆ? ಮುಂದಿನ ಚೆಂಡು ಎಲ್ಲಿಗೆ?’ ಹತ್ತು ನಿಮಿಷ ಸಾಕು.

ಎರಡು ತರದ ತಪ್ಪು

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು ಅಂತಿದ್ದರೆ ಇದು. ಮಗುವಿನ ತಪ್ಪು ಎರಡು ತರ. ತೀರ್ಮಾನದ ತಪ್ಪು ಒಂದು, ಕೈಯ ತಪ್ಪು ಇನ್ನೊಂದು.

ಗಿಡ್ಡ ಚೆಂಡು ಬಂತು. ಎದುರಾಳಿ ಬಲಕ್ಕೆ ಸರಿದಿದ್ದ. ಮಗು ಖಾಲಿ ಇದ್ದ ಎಡಕ್ಕೆ ಹೊಡೆಯಿತು, ಚೆಂಡು ನೆಟ್‌ಗೆ ಬಿತ್ತು. ಅಂಕ ಹೋಯಿತು. ಆದರೆ ತೀರ್ಮಾನ ಸರಿ. ‘ಸರಿಯಾದ ಜಾಗ ನೋಡಿದೆ ಮೋನೇ, ಇನ್ನೊಂದು ಸಲ ಹೊಡಿ’ ಅನ್ನಬೇಕು. ಇನ್ನೊಮ್ಮೆ, ಬೇಸ್‌ಲೈನಿನ ಹಿಂದೆ ಕಾಲು ಜಾರುತ್ತಿರುವಾಗ ಮಗು ಕಣ್ಣು ಮುಚ್ಚಿ ಗೆರೆಗೆ ಬೀಸಿತು, ಚೆಂಡು ಒಳಗೆ ಬಿತ್ತು. ಬೇಲಿಯ ಹೊರಗೆ ಚಪ್ಪಾಳೆ. ಆದರೆ ತೀರ್ಮಾನ ಸರಿಯಿರಲಿಲ್ಲ. ಅದೇ ಚೆಂಡು ಹತ್ತು ಸಲ ಬಂದರೆ ಎಷ್ಟು ಸಲ ಒಳಗೆ ಬೀಳಬಹುದು ಅಂತ ಕೇಳಬೇಕು.

ಅಂಕ ಮಾತ್ರ ನೋಡಿ ಹೊಗಳಿ, ಬೈದು ಮಾಡಿದರೆ ಮಗು ಕಲಿಯುವುದು ಒಂದೇ: ಹೆದರುವುದು. ಹೆದರಿದ ಮಗು ಸರಿಯಾದ ಹೊಡೆತವನ್ನೂ ಆಯ್ಕೆ ಮಾಡುವುದಿಲ್ಲ, ಬೈಗುಳ ತಪ್ಪಿಸುವ ಹೊಡೆತವನ್ನು ಆಯ್ಕೆ ಮಾಡುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇರಲಿ. ಮ್ಯಾಚ್ ಆದ ಮೇಲೆ ಎರಡು ಸಾಲು: ಇವತ್ತು ಯಾವ ತೀರ್ಮಾನ ಸರಿಯಾಯಿತು, ಮುಂದಿನ ಸಲ ಯಾವುದನ್ನು ಬದಲಿಸುತ್ತೇನೆ. ಮಗುವೇ ಬರೆಯಲಿ. ನಾವು ಬರೆದುಕೊಟ್ಟರೆ ಅದು ನಮ್ಮ ಮ್ಯಾಚ್ ಆಗುತ್ತದೆ.

ಎರಡು ಅಂಕಗಳ ನಡುವಿನ 25 ಸೆಕೆಂಡನ್ನೂ ಬಳಸಲು ಕಲಿಸಬೇಕು. ಅಮೆರಿಕದ ಕ್ರೀಡಾ ಮನಶ್ಶಾಸ್ತ್ರಜ್ಞ ಜಿಮ್ ಲೋಹರ್ ಈ ಬಿಡುವನ್ನು ನಾಲ್ಕು ಹಂತ ಮಾಡಿ ಹೇಳಿಕೊಟ್ಟವರು. ಸರಳವಾಗಿ ಹೇಳುವುದಾದರೆ: ಕಳೆದ ಅಂಕವನ್ನು ಅಲ್ಲಿಗೇ ಬಿಡು, ಉಸಿರು ಎಳೆದು ಮೈ ಸಡಿಲ ಮಾಡು, ಮುಂದಿನ ಚೆಂಡು ಎಲ್ಲಿಗೆ ಅಂತ ತೀರ್ಮಾನಿಸು, ಚೆಂಡನ್ನು ಎರಡು ಮೂರು ಸಲ ಪುಟಿಸಿ ಆಟಕ್ಕೆ ನಿಲ್ಲು. ಸರ್ವ್ ಮಾಡುವ ಮೊದಲೇ ಮೊದಲ ಎರಡು ಹೊಡೆತದ ಯೋಜನೆ ತಲೆಯಲ್ಲಿದ್ದರೆ ಗಡಿಬಿಡಿ ಅರ್ಧ ಕಡಿಮೆ.

ಗೆರೆಯ ಮೇಲಿನ ಚೆಂಡು

ಮಕ್ಕಳ ಟೂರ್ನಮೆಂಟಿನಲ್ಲಿ ಹೆಚ್ಚಾಗಿ ಪ್ರತಿ ಕೋರ್ಟಿಗೆ ಅಂಪೈರ್ ಇರುವುದಿಲ್ಲ. ತನ್ನ ಬದಿಯಲ್ಲಿ ಬಿದ್ದ ಚೆಂಡು ಒಳಗೋ ಹೊರಗೋ ಅಂತ ಆಯಾ ಮಗುವೇ ಹೇಳಬೇಕು. ಸಂಶಯ ಬಂದರೆ ಚೆಂಡು ಒಳಗೆ ಅಂತಲೇ ಲೆಕ್ಕ, ಲಾಭ ಎದುರಾಳಿಗೆ. ಹತ್ತು ವರ್ಷದ ಮಗು 30-40ರಲ್ಲಿ, ಯಾರೂ ನೋಡದಿರುವಾಗ, ‘ಚೆಂಡು ಒಳಗೆ ಬಿತ್ತು, ಅಂಕ ನಿನ್ನದು’ ಅಂತ ಹೇಳುವುದು ಎಷ್ಟು ದೊಡ್ಡ ತೀರ್ಮಾನ ಅಂತ ನಾವು ಯೋಚಿಸಬೇಕು. ಆ ಹೊತ್ತಿನಲ್ಲಿ ಬೇಲಿಯ ಹೊರಗಿಂದ ‘ಔಟ್, ಔಟ್’ ಅಂತ ಕೂಗುವ ಹೆತ್ತವರು ಮಗುವಿನ ಕೈಯಿಂದ ಏನನ್ನು ಕಿತ್ತುಕೊಳ್ಳುತ್ತಿದ್ದಾರೆ ಅಂತ ಬೇರೆ ಹೇಳಬೇಕಾ?

ಮನೆಯವರು ಮಾಡಬಹುದಾದದ್ದು

ಮಗನಾದರೂ ಮಗಳಾದರೂ ಒಂದೇ ಕ್ರಮ. ಬ್ಯಾಗ್ ಮಗುವೇ ತುಂಬಿಸಲಿ, ನೀರಿನ ಬಾಟಲಿ ಮಗುವೇ ನೆನಪಿಟ್ಟುಕೊಳ್ಳಲಿ. ಮನೆಯಲ್ಲಿ ಒಂದು ತೀರ್ಮಾನವನ್ನೂ ಮಾಡದ ಮಗು ಕೋರ್ಟಿನಲ್ಲಿ ಇದ್ದಕ್ಕಿದ್ದ ಹಾಗೆ ಮಾಡುವುದಿಲ್ಲ. ವಾರದಲ್ಲಿ ಒಂದು ದಿನ ಕೋಚ್ ಇಲ್ಲದೆ, ಮಕ್ಕಳು ತಮ್ಮತಮ್ಮಲ್ಲೇ ಅಂಕ ಎಣಿಸಿ ಆಡಲಿ. ಜಗಳ ಆದರೆ ಅವರೇ ಮುಗಿಸಿಕೊಳ್ಳಲಿ. ಚಿಕ್ಕಪ್ಪನ ಮಗನಿಗೆ ಹೋಲಿಸುವುದು ಬೇಡ.

ಕೋಚ್ ಹುಡುಕುವಾಗ ಒಂದು ದಿನ ಸುಮ್ಮನೆ ಕುಳಿತು ನೋಡಿ. ಒಂದು ಗಂಟೆಯಲ್ಲಿ ಮಕ್ಕಳು ಅಂಕಕ್ಕಾಗಿ ಎಷ್ಟು ಹೊತ್ತು ಆಡಿದರು? ಕೋಚ್ ಎಷ್ಟು ಸಲ ಪ್ರಶ್ನೆ ಕೇಳಿದರು, ಎಷ್ಟು ಸಲ ಉತ್ತರವನ್ನೇ ಹೇಳಿಬಿಟ್ಟರು? ಪ್ರಶ್ನೆ ಕೇಳಿ ಮಗುವಿನ ಉತ್ತರಕ್ಕೆ ಕಾಯುವ ಕೋಚ್ ಸಿಕ್ಕಿದರೆ ಬಿಡಬೇಡಿ.

ಮುಂದಿನ ಮ್ಯಾಚಿಗೆ ಹೋದಾಗ ಬೇಲಿಯಿಂದ ಸ್ವಲ್ಪ ದೂರ ಕುಳಿತುಕೊಳ್ಳಿ. ವಾಪಸ್ ಬರುವಾಗ ‘ಗೆದ್ದೆಯಾ, ಸೋತೆಯಾ’ ಅಂತ ಶುರು ಮಾಡಬೇಡಿ. ಮೊದಲು ಏನಾದರೂ ತಿನ್ನಲು ಕೊಡಿ. ಮಗು ತಾನಾಗಿ ಮಾತು ತೆಗೆದರೆ, ‘ಎದುರಾಳಿಗೆ ಯಾವ ಚೆಂಡು ಕಷ್ಟ ಆಗ್ತಿತ್ತು?’ ಅಂತ ಒಂದೇ ಪ್ರಶ್ನೆ ಕೇಳಿ. ಮಗುವಿನ ಹತ್ತಿರ ಅದಕ್ಕೆ ಉತ್ತರ ಇದ್ದರೆ, ಅಂಕಪಟ್ಟಿಯಲ್ಲಿ ಏನೇ ಇರಲಿ, ಕೊಟ್ಟ ಫೀಸು ವ್ಯರ್ಥ ಆಗಲಿಲ್ಲ ಅಂತ ತಿಳಿಯಿರಿ.